ಯಜಮಾನರ ಪಂಪಿಂಗ್ 25 ಅಂತೆ. ಮನೆಗೆ ಬಂದು ನಾಲ್ಕು ದಿನ ಆಯಿತು, ನಾನೇನು ಮಾಡಬೇಕು?

ಸಂಜೆಗೆಂಪು · ರಾತ್ರಿ 2:40

ಎಲ್ಲರಿಗೂ ನಮಸ್ಕಾರ. ಈ ಹೊತ್ತಿನಲ್ಲಿ ಬರೆಯುತ್ತಿದ್ದೇನೆ ಅಂದರೆ ನಿದ್ದೆ ಹತ್ತುತ್ತಿಲ್ಲ ಅಂತಲೇ ಅರ್ಥ.

ನಮ್ಮ ಯಜಮಾನರಿಗೆ 47 ವರ್ಷ. ಎರಡು ಮೂರು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಕೆಲಸ ಜಾಸ್ತಿ, ಹೊಟ್ಟೆ ಬಂದಿದೆ, ಅದಕ್ಕೇ ಅಂದುಕೊಂಡೆವು. ಆಮೇಲೆ ಕೆಮ್ಮು ಶುರುವಾಯಿತು, ಮಲಗಿದರೆ ಜಾಸ್ತಿ, ಎದ್ದು ಕೂತರೆ ಕಡಿಮೆ. ಶೀತ ಅಂತ ಎರಡು ಸಲ ಔಷಧಿ ತಂದೆವು. ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು. ಒಂದು ರಾತ್ರಿ ದಡಬಡ ಎದ್ದು ಕಿಟಕಿ ತೆಗೆದು ಸರಳು ಹಿಡಿದು ನಿಂತುಬಿಟ್ಟರು, ಗಾಳಿ ಸಾಕಾಗುತ್ತಿಲ್ಲ ಅಂತ. ಆವತ್ತೇ ಆಸ್ಪತ್ರೆಗೆ ಓಡಿದೆವು.

ಎಕೋ ಮಾಡಿದರು, ಆಂಜಿಯೋಗ್ರಾಂ ಮಾಡಿದರು. ಬ್ಲಾಕ್ ಏನೂ ಇಲ್ಲ. ಆದರೆ ಹೃದಯ ದೊಡ್ಡದಾಗಿದೆ, ಸ್ನಾಯು ಸೋತಿದೆ, ಡೈಲೇಟೆಡ್ ಕಾರ್ಡಿಯೋಮಯೋಪತಿ, ಹಾರ್ಟ್ ಫೇಲ್ಯೂರ್, ಪಂಪಿಂಗ್ 25 ಪರ್ಸೆಂಟ್ ಅಂದರು. ವಾರ್ಡಿನ ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಹೋದರು. ನನಗೆ ಕೇಳಿಸಿದ್ದು ಫೇಲ್ಯೂರ್ ಅನ್ನೋದೊಂದೇ. ಆಮೇಲೆ ಅವರು ಏನು ಹೇಳಿದರೋ ನನ್ನ ತಲೆಗೆ ಹೋಗಲೇ ಇಲ್ಲ.

ಆರು ದಿನ ಇಟ್ಟುಕೊಂಡು, ಕಾಲಿನ ಊತ ಇಳಿಸಿ, ಏಳು ಥರದ ಮಾತ್ರೆ ಕೊಟ್ಟು ಕಳಿಸಿದ್ದಾರೆ. ಈಗ ರಾತ್ರಿಯೆಲ್ಲ ಅವರ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು ಉಸಿರು ಎಣಿಸುತ್ತಿದ್ದೇನೆ. ನಿನ್ನೆ ಅವರಿಗೆ ಎಚ್ಚರವಾಗಿ, ನನ್ನ ಕೈ ತೆಗೆದು ಪಕ್ಕಕ್ಕಿಟ್ಟು ಆ ಕಡೆ ತಿರುಗಿ ಮಲಗಿದರು. ಒಂದು ಮಾತೂ ಆಡಲಿಲ್ಲ. ಮಕ್ಕಳಿಗೆ 14 ಮತ್ತು 9. ಅವರಿಗೆ ಏನು ಹೇಳಬೇಕೋ ಗೊತ್ತಿಲ್ಲ.

ಇನ್ನೊಂದು. ಡಿಸ್ಚಾರ್ಜ್ ಚೀಟಿಯಲ್ಲಿ ಡಾಪಾಗ್ಲಿಫ್ಲೋಜಿನ್ ಅಂತ ಒಂದು ಮಾತ್ರೆ ಇದೆ. ಹುಡುಕಿ ನೋಡಿದರೆ ಸಕ್ಕರೆ ಕಾಯಿಲೆಯದ್ದು ಅಂತ ಬಂತು. ಇವರಿಗೆ ಸಕ್ಕರೆ ಇಲ್ಲವೇ ಇಲ್ಲ. ತಪ್ಪಿ ಬರೆದಿರಬೇಕು ಅಂತ ಎರಡು ದಿನದಿಂದ ಅದನ್ನ ಕೊಟ್ಟಿಲ್ಲ. ಸರಿ ಮಾಡಿದೆನಾ?

ಹಳೇ ಡೈರಿ · ಬೆಳಿಗ್ಗೆ 6:15

ತಂಗಿ, ನಿಮ್ಮದು ಓದಿದ ಕೂಡಲೇ ಬರೆಯುತ್ತಿದ್ದೇನೆ. ನಮ್ಮ ಮನೆಯವರಿಗೂ ಇದೇ ಕಾಯಿಲೆ, ಗೊತ್ತಾಗಿ ಆರು ವರ್ಷ ಆಯಿತು. ಈಗ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ.

ಮೊದಲು ಆ ಹೆಸರಿನ ಗಂಟು ಬಿಚ್ಚೋಣ. "ಹಾರ್ಟ್ ಫೇಲ್ ಆಗಿ ಹೋದರು" ಅಂತ ನಾವೆಲ್ಲ ಮಾತಾಡೋದು ಸಾವಿನ ಬಗ್ಗೆ. ಚಿಕ್ಕಂದಿನಿಂದ ಕೇಳಿ ಕೇಳಿ ಆ ಪದಕ್ಕೆ ನಮ್ಮ ಕಿವಿಯಲ್ಲಿ ಅದೊಂದೇ ಅರ್ಥ. ಡಾಕ್ಟರು ಹೇಳುವ ಹಾರ್ಟ್ ಫೇಲ್ಯೂರ್ ಅದಲ್ಲ. ಹೃದಯ ನಿಂತಿದೆ ಅಂತ ಅಲ್ಲ, ಮೈಗೆ ಬೇಕಾದಷ್ಟು ರಕ್ತ ತಳ್ಳುವ ಶಕ್ತಿ ಕಡಿಮೆಯಾಗಿದೆ ಅಂತ. ನಾನು ಈ ವ್ಯತ್ಯಾಸ ತಿಳಿಯದೆ ಮೂರು ವಾರ ಕದ್ದು ಕದ್ದು ಅತ್ತಿದ್ದೇನೆ. ಯಾರಾದರೂ ಮೊದಲ ದಿನವೇ ಹೇಳಿದ್ದರೆ ಅಷ್ಟು ಸಂಕಟ ಇರುತ್ತಿರಲಿಲ್ಲ.

ಆಮೇಲೆ ಆ 25. ನಾನು ಏನಂದುಕೊಂಡಿದ್ದೆ ಗೊತ್ತಾ, ನೂರಕ್ಕೆ ಇಪ್ಪತ್ತೈದು ಭಾಗ ಮಾತ್ರ ಹೃದಯ ಉಳಿದಿದೆ ಅಂತ. ಹಾಗಲ್ಲ. ಹೃದಯದ ಎಡಗಡೆ ಕೆಳಗಿನ ಕೋಣೆ ತುಂಬಿದಾಗ ಅದರಲ್ಲಿರುವ ರಕ್ತದಲ್ಲಿ ಒಂದು ಹಿಂಡಿಗೆ ಎಷ್ಟು ಭಾಗ ಹೊರಗೆ ಹೋಗುತ್ತದೆ ಅನ್ನೋ ಲೆಕ್ಕ ಅದು. ಚೆನ್ನಾಗಿರುವ ಹೃದಯದಲ್ಲೂ 100 ಇರೋದಿಲ್ಲ. ಸುಮಾರು 55ರಿಂದ 70 ಇರುತ್ತದೆ. 40 ಅಥವಾ ಅದಕ್ಕಿಂತ ಕೆಳಗಿದ್ದರೆ ಕಡಿಮೆ ಅನ್ನುತ್ತಾರೆ. ಹಾಗಾಗಿ 25ನ್ನು 60ರ ಪಕ್ಕ ಇಟ್ಟು ನೋಡಿ, 100ರ ಪಕ್ಕ ಅಲ್ಲ. ಕಡಿಮೆಯೇ, ಹುಡುಗಾಟ ಅಲ್ಲ. ಆದರೆ ಔಷಧಿಯಿಂದ ಈ ನಂಬರ್ ಮೇಲೆ ಬರಬಹುದು. ನಮ್ಮವರದ್ದು 22 ಇತ್ತು, ಒಂದು ವರ್ಷಕ್ಕೆ 41 ಆಯಿತು. ಎಲ್ಲರಿಗೂ ಅಷ್ಟು ಬರುತ್ತದೆ ಅಂತ ಹೇಳಲಾರೆ.

ಮಾತ್ರೆ ವಿಷಯ ತಿಳಿದವರು ಹೇಳಲಿ. ಇವತ್ತು ಆಸ್ಪತ್ರೆ ಬಾಗಿಲು ತೆಗೆದ ತಕ್ಷಣ ಫೋನ್ ಮಾತ್ರ ಮಾಡಿ.

ಕೌಂಟರ್ ಹಿಂದೆ · ಬೆಳಿಗ್ಗೆ 7:50

ಮೇಡಂ, ನಾನು ಫಾರ್ಮಸಿಸ್ಟ್. 19 ವರ್ಷದಿಂದ ಇದೇ ಕೆಲಸ. ಆ ಮಾತ್ರೆ ತಪ್ಪಿ ಬರೆದದ್ದಲ್ಲ. ಬಂದಿದ್ದು ಸಕ್ಕರೆ ಕಾಯಿಲೆಗೆ, ನಿಜ. ಆದರೆ ಸಕ್ಕರೆ ಇಲ್ಲದ ಹೃದ್ರೋಗಿಗಳಿಗೂ ಇದರಿಂದ ಅನುಕೂಲ ಇದೆ ಅಂತ 2019ರಲ್ಲಿ ಬಂದ ಡಾಪಾ-ಎಚ್‌ಎಫ್ ಅನ್ನೋ ದೊಡ್ಡ ಅಧ್ಯಯನ ತೋರಿಸಿತು. ಆಮೇಲೆ ಇದು ಹಾರ್ಟ್ ಫೇಲ್ಯೂರ್‌ನ ಮುಖ್ಯ ಔಷಧಿಗಳಲ್ಲಿ ಒಂದಾಗಿದೆ. ಈ ಪ್ರಶ್ನೆ ನನ್ನ ಹತ್ತಿರ ಬಹಳ ಜನ ಕೇಳುತ್ತಾರೆ. ಕೇಳದೆ ಸುಮ್ನೆ ಬಿಟ್ಟುಬಿಡುವವರೂ ಇದ್ದಾರೆ, ಅದೇ ನನಗೆ ಭಯ. ನೀವು ಕೇಳಿದಿರಿ, ಒಳ್ಳೇದಾಯಿತು. ಎರಡು ದಿನ ತಪ್ಪಿದ್ದನ್ನ ಡಾಕ್ಟರಿಗೆ ಹೇಳಿ. ತಪ್ಪಿದ ಮಾತ್ರೆಗಳನ್ನ ಸೇರಿಸಿ ಒಟ್ಟಿಗೆ ಕೊಡಬೇಡಿ.

ಏಳು ಮಾತ್ರೆ ಯಾಕೆ ಅಂತ ಗೊತ್ತಾದರೆ ನಿಮಗೂ ಅವರಿಗೂ ನುಂಗೋದು ಸುಲಭ. ಹೃದಯ ಸೋತಾಗ ಮೈಗೆ ರಕ್ತ ಕಡಿಮೆ ಬರುತ್ತದೆ. ಮೈ ಏನು ತಿಳಿದುಕೊಳ್ಳುತ್ತದೆ ಅಂದರೆ, ಎಲ್ಲೋ ರಕ್ತ ಸೋರಿಹೋಗಿದೆ, ಉಳಿಸಿಕೊಳ್ಳಬೇಕು ಅಂತ. ಉಪ್ಪು ನೀರು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳ ಬಿಗಿ ಮಾಡುತ್ತದೆ, ಹೃದಯವನ್ನ ಜೋರಾಗಿ ಓಡಿಸುತ್ತದೆ. ಮೊದಲೇ ಸೋತ ಹೃದಯಕ್ಕೆ ಇದರಿಂದ ಇನ್ನಷ್ಟು ಭಾರ. ಮಾತ್ರೆಗಳು ಈ ಸುತ್ತನ್ನ ಬೇರೆ ಬೇರೆ ಕಡೆ ಕತ್ತರಿಸುತ್ತವೆ. ಒಂದು ರಕ್ತನಾಳ ಸಡಿಲ ಮಾಡುವುದು. ಒಂದು ಬೀಟಾ ಬ್ಲಾಕರ್, ಅದು ಓಟ ತಗ್ಗಿಸುತ್ತದೆ. ಮೈ ಉಪ್ಪು ನೀರು ಹಿಡಿದಿಡೋದನ್ನ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಥರದ್ದು ಒಂದು. ನೀವು ನಿಲ್ಲಿಸಿದ್ದು ಒಂದು. ಈ ನಾಲ್ಕೂ ಆಯುಸ್ಸಿಗೆ. ಮೂತ್ರ ಜಾಸ್ತಿ ಮಾಡಿಸುವ ನೀರಿನ ಮಾತ್ರೆ ಬೇರೆ, ಅದು ಊತ ಮತ್ತು ದಮ್ಮು ಇಳಿಸೋದಕ್ಕೆ.

ಬೀಟಾ ಬ್ಲಾಕರ್ ಶುರು ಮಾಡಿದ ಮೊದಲ ವಾರಗಳಲ್ಲಿ ಸುಸ್ತು ಜಾಸ್ತಿ ಆಗಬಹುದು. ಅದಕ್ಕೇ ಚಿಕ್ಕ ಡೋಸಿನಿಂದ ಶುರು ಮಾಡಿ ವಾರಗಟ್ಟಲೆ ನಿಧಾನವಾಗಿ ಏರಿಸುತ್ತಾರೆ. ಮಾತ್ರೆ ತಗೊಂಡು ಸುಸ್ತಾದರು ಅಂತ ನೀವಾಗಿ ನಿಲ್ಲಿಸಬೇಡಿ. ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ ಫೋನ್ ಮಾಡಿ. ವಾಂತಿ ಭೇದಿ ಹತ್ತಿಕೊಂಡ ದಿನವೂ ಫೋನ್ ಮಾಡಿ, ಆಗ ಕೆಲವನ್ನು ಎರಡು ದಿನ ತಡೆಯಲು ಹೇಳಬಹುದು.

ಎರಡು ವಿಷಯ ಗೋಡೆ ಮೇಲೆ ಬರೆದು ಅಂಟಿಸಿಕೊಳ್ಳಿ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆ ಕೊಡಬೇಡಿ, ಅವು ಮೈಯಲ್ಲಿ ನೀರು ನಿಲ್ಲಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು. ಇನ್ನೊಂದು, ಕಡಿಮೆ ಸೋಡಿಯಂ ಉಪ್ಪು ಅಂತ ಮಾರುವ ಪೊಟ್ಟಣ. ಒಳ್ಳೇದು ಅಂತ ತಂದುಬಿಡುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಇವರ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುವಂಥವು. ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ಡಾಕ್ಟರು ಆಗಾಗ ರಕ್ತ ಪರೀಕ್ಷೆ ಬರೆಯೋದು ಇದಕ್ಕೇ, ಅದನ್ನ ತಪ್ಪಿಸಬೇಡಿ.

ಸಂಜೆಗೆಂಪು · ಬೆಳಿಗ್ಗೆ 10:30

ಫೋನ್ ಮಾಡಿದೆ. ಮಾತ್ರೆ ಕೊಡಲೇಬೇಕು ಅಂದರು, ಕೊಟ್ಟೆ. ಸರ್, ನಿಮ್ಮ ಉಪಕಾರ ಮರೆಯೋದಿಲ್ಲ. ಕಡಿಮೆ ಸೋಡಿಯಂ ಉಪ್ಪು ನಿಜವಾಗಲೂ ತಂದಿಟ್ಟಿದ್ದೆ. ಡಬ್ಬಿ ಸಮೇತ ಈಗಲೇ ಹೊರಗೆ ಹಾಕಿದೆ.

ಅಕ್ಕ, ನಿಮ್ಮ 100ರ ಪಕ್ಕ ಅಲ್ಲ 60ರ ಪಕ್ಕ ಅನ್ನೋ ಮಾತನ್ನ ಇವರಿಗೆ ಓದಿ ಹೇಳಿದೆ. "ಇದನ್ನ ಅಲ್ಲಿ ಯಾರೂ ಹೇಳಲಿಲ್ಲವಲ್ಲ" ಅಂದರು. ಅವರ ತಲೆಯಲ್ಲೂ ಅದೇ ಓಡುತ್ತಿತ್ತು ಅಂತ ನನಗೆ ಗೊತ್ತಾಗಿದ್ದೇ ಆಗ.

ಆ ಕಡೆಯವನು · ಮಧ್ಯಾಹ್ನ 1:05

ನಾನು ಹಾಸಿಗೆಯ ಆ ಕಡೆ ಮಲಗುವವನು. ಕಾಯಿಲೆ ನನ್ನದು, ಎರಡೂವರೆ ವರ್ಷ ಆಯಿತು. ನಿಮ್ಮ ಯಜಮಾನರು ಕೈ ತೆಗೆದು ತಿರುಗಿ ಮಲಗಿದ್ದು ಓದಿ ಸುಮ್ಮನಿರಲು ಆಗಲಿಲ್ಲ.

ಅಮ್ಮಾ, ಅದು ನಿಮ್ಮ ಮೇಲಿನ ಸಿಟ್ಟಲ್ಲ. ಎಚ್ಚರವಾದಾಗ ಬೆನ್ನ ಮೇಲೊಂದು ಕೈ ಉಸಿರು ಎಣಿಸುತ್ತಿದೆ ಅಂದರೆ ಆ ಕ್ಷಣಕ್ಕೆ ಕಾಯಿಲೆ ನೆನಪಾಗುತ್ತದೆ. ನಿದ್ದೆಯಲ್ಲಿ ಮರೆತಿದ್ದು ವಾಪಸ್ ಬರುತ್ತದೆ. ನನ್ನ ಹೆಂಡತಿಯೂ ಹೀಗೇ ಮಾಡುತ್ತಿದ್ದಳು. ನಾನೂ ಹೀಗೇ ತಿರುಗಿ ಮಲಗುತ್ತಿದ್ದೆ, ಕಣ್ಣು ಮುಚ್ಚಿಕೊಂಡು ಎಚ್ಚರವಾಗಿಯೇ ಇರುತ್ತಿದ್ದೆ. ಇಬ್ಬರೂ ಎಚ್ಚರ, ಇಬ್ಬರೂ ಮಲಗಿದ ಹಾಗೆ ನಟನೆ. ಎಷ್ಟು ರಾತ್ರಿ ಹಾಗೆ ಕಳೆದೆವೋ.

ನನಗೆ ಆಗ ಏನು ಕಷ್ಟವಾಗುತ್ತಿತ್ತು ಹೇಳುತ್ತೇನೆ. ಯಾರಾದರೂ ನೋಡಲು ಬಂದು ಹೇಗಿದ್ದೀರಿ ಅಂತ ನನ್ನನ್ನ ಕೇಳಿದರೆ ಉತ್ತರ ಅವಳು ಕೊಡುತ್ತಿದ್ದಳು. ನಾನು ಬಾಯಿ ತೆಗೆಯುವ ಮೊದಲೇ ಪಂಪಿಂಗ್ ಎಷ್ಟು, ಊತ ಎಷ್ಟು, ರಾತ್ರಿ ಎಷ್ಟು ಸಲ ಎದ್ದರು, ಎಲ್ಲ ವರದಿ ಆಗಿಬಿಡುತ್ತಿತ್ತು. ನಾನು ಕೂತಲ್ಲೇ ಕೂತು ನನ್ನ ವಿಷಯ ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ಬಾಗಿಲ ಹತ್ತಿರ ಒಂದು ಚಿಕ್ಕ ಚೀಲ ಎತ್ತಿಕೊಂಡೆ, ಎಲ್ಲರೆದುರು ಕೈಯಿಂದ ಕಿತ್ತುಕೊಂಡಳು. ಪ್ರೀತಿಯಿಂದಲೇ. ನನಗೆ ಆವತ್ತು ಗಂಟಲು ಕಟ್ಟಿತು.

ಆಮೇಲೊಂದು ದಿನ ಅವಳು ಕೇಳಿದಳು, "ನಾನು ಯಾವುದು ಮಾಡಿದರೆ ನಿಮಗೆ ಹಗುರ, ಯಾವುದು ಮಾಡಿದರೆ ಭಾರ" ಅಂತ. ಅಷ್ಟೇ. ಅದಕ್ಕೆ ಮುಂಚೆ ಯಾರೂ ನನ್ನನ್ನ ಹಾಗೆ ಕೇಳಿರಲಿಲ್ಲ. ತೂಕ ನೋಡಿ ಬರೆಯೋದು ನನ್ನ ಕೆಲಸ ಅಂದೆ. ಮಾತ್ರೆ ಡಬ್ಬಿ ವಾರಕ್ಕೊಮ್ಮೆ ತುಂಬೋದು ಇಬ್ಬರೂ ಸೇರಿ. ಡಾಕ್ಟರ ಹತ್ತಿರ ಮೊದಲು ಮಾತು ನನ್ನದು, ನಾನು ಮರೆತದ್ದು ಅವಳದು. ಚೀಲ ಭಾರ ಅನಿಸಿದರೆ ನಾನೇ ಕೆಳಗಿಡುತ್ತೇನೆ. ಹೀಗೆ ಹಂಚಿಕೊಂಡ ಮೇಲೆ ಮನೆಯಲ್ಲಿ ಉಸಿರಾಡುವ ಹಾಗಾಯಿತು.

ನಿಮ್ಮ ಭಯವನ್ನೂ ಅವರಿಗೆ ಹೇಳಿ. ನನ್ನ ಹೆಂಡತಿ ಧೈರ್ಯವಾಗಿದ್ದಾಳೆ ಅಂತಲೇ ನಾನು ನನ್ನದನ್ನ ನುಂಗಿಕೊಂಡಿದ್ದೆ. ಅವಳು ಅತ್ತ ದಿನ ನನಗೂ ಹೇಳಲು ಬಾಯಿ ಬಂತು.

ಹಳೇ ಡೈರಿ · ಮಧ್ಯಾಹ್ನ 3:20

ಇವರ ಮಾತು ಪೂರ್ತಿ ಒಪ್ಪುತ್ತೇನೆ. ಒಂದು ಮಾತ್ರ ಸೇರಿಸಬೇಕು, ಇಲ್ಲದಿದ್ದರೆ ತಪ್ಪಾಗುತ್ತದೆ. ಕಾವಲು ಬೇಡ ಅಂತ ಲೆಕ್ಕವನ್ನೇ ಬಿಡಬೇಡಿ. ರಾತ್ರಿ ಉಸಿರು ಎಣಿಸಿ ಏನೂ ಸಿಗೋದಿಲ್ಲ. ಬೆಳಿಗ್ಗೆಯ ತೂಕದಲ್ಲಿ ಸಿಗುತ್ತದೆ.

ನಮ್ಮಲ್ಲಿ ಹೇಗೆ ಅಂದರೆ, ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಕುಡಿಯುವ ಮುಂಚೆ, ಹೆಚ್ಚು ಕಡಿಮೆ ಅದೇ ಬಟ್ಟೆಯಲ್ಲಿ ತೂಕ. ಯಂತ್ರ ಗಟ್ಟಿ ನೆಲದ ಮೇಲೆ ಒಂದೇ ಜಾಗದಲ್ಲಿ. ಪುಸ್ತಕದಲ್ಲಿ ತಾರೀಖು, ತೂಕ, ಬಿಪಿ, ಎಷ್ಟು ದಿಂಬು. ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಅಷ್ಟು ಬೇಗ ಕೊಬ್ಬು ಬರೋದಿಲ್ಲ. ಕಾಲು ಊದುವ ಮೊದಲೇ, ದಮ್ಮು ಬರುವ ಮೊದಲೇ ತೂಕ ಹೇಳಿಬಿಡಬಹುದು. ಆಗಲೇ ಫೋನ್ ಮಾಡಿದರೆ ನೀರಿನ ಮಾತ್ರೆ ಹೆಚ್ಚು ಕಡಿಮೆ ಮಾಡಿ ಮನೆಯಲ್ಲೇ ಸರಿಮಾಡುತ್ತಾರೆ, ತಡವಾದರೆ ಮತ್ತೆ ವಾರ್ಡ್. ನಿಮ್ಮ ಡಾಕ್ಟರು ಬೇರೆ ಅಂಕಿ ಹೇಳಿದ್ದರೆ ಅದನ್ನೇ ಹಿಡಿಯಿರಿ. ಸಂಜೆ ಕಾಲುಚೀಲ ಬಿಚ್ಚಿದಾಗ ಗೆರೆ ಎಷ್ಟು ಆಳ ಬಿದ್ದಿದೆ ನೋಡಿ, ಹೆಬ್ಬೆರಳಿಂದ ಒತ್ತಿದರೆ ಗುಳಿ ನಿಲ್ಲುತ್ತದಾ ನೋಡಿ. ನೀರು ಎಷ್ಟು ಕುಡಿಯಬಹುದು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು, ಕೇಳಿ ಬರೆದುಕೊಳ್ಳಿ.

ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಅಂದರೆ ಒಂದು ಟೀ ಚಮಚ ಕೂಡ ಪೂರ್ತಿ ಇಲ್ಲ, ಪ್ಯಾಕೆಟ್ಟಿನಲ್ಲಿ ಬರುವುದೆಲ್ಲ ಅದರಲ್ಲೇ ಸೇರಿತು. ಅವರೊಬ್ಬರಿಗೆ ಬೇರೆ ಪಾತ್ರೆ ಇಡಬೇಡಿ. ಇಡೀ ಮನೆ ಕಡಿಮೆ ಮಾಡಿ. ಮೊದಲ ಹದಿನೈದು ದಿನ ನಾಲಿಗೆ ಗೋಳಾಡುತ್ತದೆ, ಆಮೇಲೆ ಒಗ್ಗುತ್ತದೆ.

ಎರಡನೇ ಮಹಡಿ · ರಾತ್ರಿ 9:10

ನಾನು ಗಂಡ. ನನ್ನ ಹೆಂಡತಿಗೆ ಮಗು ಹುಟ್ಟಿ ಆರು ವಾರಕ್ಕೆ ಈ ಸಮಸ್ಯೆ ಗೊತ್ತಾಯಿತು. ಪೆರಿಪಾರ್ಟಮ್ ಕಾರ್ಡಿಯೋಮಯೋಪತಿ ಅನ್ನುತ್ತಾರೆ, ಬಸುರಿನ ಕೊನೆ ತಿಂಗಳುಗಳಲ್ಲಿ ಅಥವಾ ಹೆರಿಗೆಯಾದ ಮೇಲಿನ ಕೆಲವು ತಿಂಗಳಲ್ಲಿ ಬರುತ್ತದೆ. ಸುಸ್ತು, ಕಾಲು ಊತ, ನಿದ್ದೆ ಇಲ್ಲ ಅಂದರೆ ಬಾಣಂತಿಗೆ ಅದೆಲ್ಲ ಇದ್ದದ್ದೇ ಅಂದುಬಿಟ್ಟರು ಎಲ್ಲರೂ, ನಾನೂ ಸೇರಿ. ಅವಳು ಮಲಗಲು ಆಗುತ್ತಿಲ್ಲ ಅಂತ ಕೂತೇ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ಓದುವವರಲ್ಲಿ ಹೊಸ ಬಾಣಂತಿಯರ ಮನೆಯವರು ಇದ್ದರೆ ದಯವಿಟ್ಟು ನೆನಪಿಡಿ, ಚಪ್ಪಟೆ ಮಲಗಲು ಆಗದಷ್ಟು ದಮ್ಮು ಬಂದರೆ ಅದು ಮಾಮೂಲಿ ಸುಸ್ತಲ್ಲ.

ಸಂಜೆಗೆಂಪು ಅವರೇ, ನಿಮ್ಮ ಬಗ್ಗೆ ಒಂದು ಕೇಳುತ್ತೇನೆ. ನೀವು ಊಟ ಮಾಡಿದಿರಾ? ನಾನು ಆಗ ಮೂರು ತಿಂಗಳಲ್ಲಿ 8 ಕೆಜಿ ಇಳಿದೆ. ಕೆಲಸ, ಮಗು, ಆಸ್ಪತ್ರೆ, ರಾತ್ರಿ ಮಾತ್ರೆ. ಎಲ್ಲರೂ ಅವಳು ಹೇಗಿದ್ದಾಳೆ ಅಂತ ಕೇಳುತ್ತಿದ್ದರು, ಕೇಳಬೇಕಾದ್ದೇ. ಒಂದು ದಿನ ಆಫೀಸಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಕೂತುಬಿಟ್ಟೆ. ನನ್ನ ಅಕ್ಕ ಬಂದು ಬೈದಳು. ಭಾನುವಾರ ಮಧ್ಯಾಹ್ನ ಮೂರು ಗಂಟೆ ಅವಳು ಮನೆಯಲ್ಲಿರುತ್ತಿದ್ದಳು, ನಾನು ಹೊರಗೆ. ಏನೂ ಮಾಡುತ್ತಿರಲಿಲ್ಲ, ಸುಮ್ನೆ ನಡೆಯುತ್ತಿದ್ದೆ. ನಿಮಗೂ ಯಾರಾದರೂ "ಏನಾದರೂ ಬೇಕಾದರೆ ಹೇಳಿ" ಅಂದಿರುತ್ತಾರೆ. ಅವರಿಗೆ ಒಂದು ಖಚಿತ ಕೆಲಸ ಕೊಡಿ. ಮಂಗಳವಾರ ಚಿಕ್ಕವಳನ್ನ ಶಾಲೆಯಿಂದ ಕರೆದುಕೊಂಡು ಬನ್ನಿ ಅನ್ನಿ. ಜನಕ್ಕೆ ಸಹಾಯ ಮಾಡುವ ಮನಸ್ಸಿರುತ್ತದೆ, ಏನು ಮಾಡಬೇಕು ಅಂತ ಗೊತ್ತಿರೋದಿಲ್ಲ.

ಸಂಜೆಗೆಂಪು · ರಾತ್ರಿ 11:30

ಅಣ್ಣಾ, ಊಟ ಮಾಡಿದಿರಾ ಅಂತ ನೀವು ಕೇಳಿದ್ದು ಓದಿ ಅಡುಗೆಮನೆಯಲ್ಲಿ ನಿಂತು ಅತ್ತೆ. ಮಾಡಿರಲಿಲ್ಲ. ಈಗ ಮಾಡಿದೆ. ನನಗೆ ಇರೋದು ಇಬ್ಬರು ಗಂಡುಮಕ್ಕಳು, ಚಿಕ್ಕವನ ಶಾಲೆ ಕೆಲಸವನ್ನ ನಾದಿನಿಗೆ ಒಪ್ಪಿಸುತ್ತೇನೆ.

ಇವತ್ತು ಸಂಜೆ ಇವರನ್ನ ಕೇಳಿದೆ, ಯಾವುದು ಹಗುರ ಯಾವುದು ಭಾರ ಅಂತ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ನೀನು ನಕ್ಕು ಹತ್ತು ದಿನ ಆಯಿತು, ಅದೇ ಭಾರ" ಅಂದರು.

ಬೇರು ಚಿಗುರು · ಮರುದಿನ

ಎಲ್ಲರೂ ಮಾತ್ರೆ ಮಾತ್ರೆ ಅನ್ನುತ್ತಿದ್ದೀರಿ. ಇಷ್ಟು ರಾಸಾಯನಿಕ ಜೀವನಪೂರ್ತಿ ನುಂಗಿದರೆ ಲಿವರ್ ಕಿಡ್ನಿ ಏನಾಗಬೇಕು? ನಮ್ಮ ಸಂಬಂಧಿಕರೊಬ್ಬರು ಗಿಡಮೂಲಿಕೆ ಕಷಾಯದಿಂದ ಗುಣವಾದರು. ಪಂಪಿಂಗ್ ಸರಿಹೋದ ಮೇಲೆ ಮಾತ್ರೆ ಎಲ್ಲ ಬಿಟ್ಟಿದ್ದಾರೆ, ಚೆನ್ನಾಗಿಯೇ ಇದ್ದಾರೆ. ಒಳ್ಳೇ ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ಕೌಂಟರ್ ಹಿಂದೆ

ನಿಮ್ಮ ಮನಸ್ಸು ಒಳ್ಳೇದೇ, ಅನುಮಾನ ಇಲ್ಲ. ಆದರೆ ಇದನ್ನ ನಾನು ಹಾಗೇ ಬಿಡಲು ಆಗೋದಿಲ್ಲ, ಓದುವವರು ಇನ್ನೂ ಹೊಸಬರು. ಇದೇ ಕಾಯಿಲೆ ಇದ್ದು, ಪಂಪಿಂಗ್ ಪೂರ್ತಿ ಸರಿಹೋಗಿ, ಲಕ್ಷಣ ಒಂದೂ ಇಲ್ಲದವರನ್ನು ಆರಿಸಿ ಬ್ರಿಟನ್ನಿನಲ್ಲಿ ಒಂದು ಅಧ್ಯಯನ ಮಾಡಿದರು. ಟ್ರೆಡ್-ಎಚ್‌ಎಫ್ ಅಂತ ಹೆಸರು, 2018ರಲ್ಲಿ ಪ್ರಕಟವಾಯಿತು. ಡಾಕ್ಟರ ಕಣ್ಣೆದುರೇ ಹಂತ ಹಂತವಾಗಿ ಮಾತ್ರೆ ನಿಲ್ಲಿಸಿದ 25 ಜನರಲ್ಲಿ 11 ಜನಕ್ಕೆ ಆರು ತಿಂಗಳೊಳಗೆ ಕಾಯಿಲೆ ಮರುಕಳಿಸಿತು. ಮಾತ್ರೆ ಮುಂದುವರಿಸಿದವರಲ್ಲಿ ಆ ಅವಧಿಯಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. ಪಂಪಿಂಗ್ ಸರಿಯಾಗಿರೋದು ಮಾತ್ರೆಯ ಆಸರೆಯಿಂದ. ನಿಮ್ಮ ಸಂಬಂಧಿಕರಿಗೆ ದಯವಿಟ್ಟು ಒಂದು ಎಕೋ ಮಾಡಿಸಿ.

ಕಷಾಯ ಕುಡಿಯಲೇಬೇಕು ಅನಿಸಿದರೆ ಏನು ಬೇರು, ಎಷ್ಟು ಅಂತ ಮೊದಲು ಡಾಕ್ಟರಿಗೆ ತೋರಿಸಿ. ಕೆಲವು ಬೇರುಗಳು ಪೊಟ್ಯಾಸಿಯಂ ಇಳಿಸುತ್ತವೆ, ಕೆಲವು ಬಿಪಿ ಏರಿಸುತ್ತವೆ. ಉದಾಹರಣೆಗೆ ಅತಿಮಧುರ ಎರಡೂ ಮಾಡುತ್ತದೆ.

ಬೇರು ಚಿಗುರು

25ರಲ್ಲಿ 11 ಅನ್ನೋದು ಗೊತ್ತಿರಲಿಲ್ಲ. ಎಕೋ ಮಾಡಿಸಲು ಹೇಳುತ್ತೇನೆ.

ಮೂವತ್ತು ಒತ್ತು · ಅದೇ ದಿನ ಸಂಜೆ

ನಾನು ಆಂಬ್ಯುಲೆನ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಇದನ್ನ ಹೇಳಿದರೆ ಹೆದರುತ್ತೀರೇನೋ ಅಂತ ಎರಡು ಸಲ ಬರೆದು ಅಳಿಸಿದೆ. ಆದರೆ ರಾತ್ರಿ ಎಚ್ಚರ ಕೂತು ಕಾಯುವ ಭಯಕ್ಕೆ ಇದೇ ಮದ್ದು, ಅದಕ್ಕೇ ಬರೆಯುತ್ತೇನೆ. ಸಿಪಿಆರ್ ಕಲಿಯಿರಿ, ಅಂದರೆ ಹೃದಯ ನಿಂತಾಗ ಎದೆ ಒತ್ತಿ ರಕ್ತ ಓಡಿಸೋದು. ಅರ್ಧ ದಿನದ ತರಬೇತಿ ಸಾಕು. 14ರ ದೊಡ್ಡವನನ್ನೂ ಕರೆದುಕೊಂಡು ಹೋಗಿ.

ಪಂಪಿಂಗ್ ಇಷ್ಟು ಕಡಿಮೆ ಇದ್ದವರಲ್ಲಿ ಬಡಿತದ ಲಯ ತಪ್ಪುವ ಅಪಾಯ ಇರುತ್ತದೆ. ಕರೆದರೆ ಓಗೊಡುತ್ತಿಲ್ಲ, ಉಸಿರು ಸರಿಯಾಗಿಲ್ಲ ಅಂದರೆ ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿ, ಎದೆ ಒತ್ತಲು ಶುರು ಮಾಡಿ. ಎದೆಯ ನಡುವೆ ಗಟ್ಟಿಯಾಗಿ, 5 ಸೆಂಟಿಮೀಟರ್ ಕೆಳಗೆ ಹೋಗುವ ಹಾಗೆ, ನಿಮಿಷಕ್ಕೆ 100ರಿಂದ 120. ಮೂಳೆ ಮುರಿಯುತ್ತದಾ ಅಂತ ನಿಲ್ಲಿಸಬೇಡಿ. ಮಧ್ಯೆ ಮಧ್ಯೆ ಒಂದೆರಡು ಸಲ ಗೊರ ಗೊರ ಅಂತ ಉಸಿರು ಎಳೆಯಬಹುದು, ಅದು ಉಸಿರಾಟ ಅಲ್ಲ, ಅದನ್ನ ನೋಡಿ ಮೋಸ ಹೋಗಬೇಡಿ. ಓದಿದ್ದಕ್ಕೂ ಬೊಂಬೆ ಮೇಲೆ ಒತ್ತಿ ನೋಡಿದ್ದಕ್ಕೂ ಬಹಳ ವ್ಯತ್ಯಾಸ ಇದೆ.

ಕೂತಲ್ಲೇ ದಮ್ಮು, ಗುಲಾಬಿ ನೊರೆ ಕಫ, ಎದೆನೋವು, ಪ್ರಜ್ಞೆ ತಪ್ಪುವುದು, ಇದ್ಯಾವುದಕ್ಕೂ ಬೆಳಗಾಗಲಿ ಅಂತ ಕಾಯಬೇಡಿ.

ಸಂಜೆಗೆಂಪು · ಮೂರು ವಾರದ ನಂತರ

ಎಲ್ಲರಿಗೂ ಸುದ್ದಿ ಹೇಳಬೇಕು. ಹೋದ ಗುರುವಾರ ತೂಕ 74.2 ಇತ್ತು, ಭಾನುವಾರ ಬೆಳಿಗ್ಗೆ 76.4. ಇವರು ಆರಾಮಾಗಿದ್ದೇನೆ ಅಂದರು. ನಿಜವಾಗಲೂ ನೋಡಲು ಆರಾಮಾಗೇ ಇದ್ದರು, ಓಡಾಡುತ್ತಿದ್ದರು. ಯಂತ್ರ ಕೆಟ್ಟಿರಬೇಕು ಅಂತ ನಾನು ಹತ್ತಿದೆ, ಚಿಕ್ಕವನು ಹತ್ತಿದ. ಯಂತ್ರ ಸರಿಯಾಗಿಯೇ ಇತ್ತು. ಮೊದಲಿನ ನಾನಾಗಿದ್ದರೆ ಭಾನುವಾರ ಯಾಕೆ ತೊಂದರೆ ಕೊಡೋದು ಅಂತ ಬಿಟ್ಟುಬಿಡುತ್ತಿದ್ದೆ. ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿದರು. ಇವರೇ ಮಾಡಿದರು, ನಾನಲ್ಲ. ನೀರಿನ ಮಾತ್ರೆ ಮೂರು ದಿನ ಎರಡು ಹೊತ್ತು ಮಾಡಿದರು, ರಕ್ತ ಪರೀಕ್ಷೆ ಹೇಳಿದರು. ಬುಧವಾರ ಮತ್ತೆ 74.5. ಹಳೇ ಡೈರಿ ಅಕ್ಕ, ಆ ಪುಸ್ತಕವನ್ನ ಕಣ್ಣಿಗೊತ್ತಿಕೊಂಡೆ.

ಮಕ್ಕಳಿಗೆ ಹೇಳಿದೆವು. ಅಪ್ಪನ ಹೃದಯ ಸುಸ್ತಾಗಿದೆ, ಔಷಧಿ ಅದಕ್ಕೆ ಬಲ ಕೊಡುತ್ತಿದೆ, ಇದು ಅಂಟುವ ಕಾಯಿಲೆ ಅಲ್ಲ, ನಿಮ್ಮಿಂದ ಬಂದದ್ದಲ್ಲ ಅಂತ. ಆ ಕೊನೇ ಮಾತು ಹೇಳಿದಾಗ ಚಿಕ್ಕವನು "ನಾನು ಅವತ್ತು ಹಠ ಮಾಡಿದ್ದಕ್ಕೆ ಅಲ್ವಾ?" ಅಂದ. ತಿಂಗಳಿಂದ ಅದನ್ನ ಒಳಗೇ ಇಟ್ಟುಕೊಂಡಿದ್ದ ನನ್ನ ಕಂದ. ದಯವಿಟ್ಟು ಮಕ್ಕಳಿಗೆ ಹೇಳಿ, ಅವರು ತಾವೇ ಏನೇನೋ ಕಟ್ಟಿಕೊಳ್ಳುತ್ತಾರೆ.

ಒಂದು ಪ್ರಶ್ನೆ, ಕೇಳಲು ಸಂಕೋಚ. ಗಂಡ ಹೆಂಡತಿಯಾಗಿ ಹತ್ತಿರ ಬರೋದು... ಅದರಿಂದ ಏನಾದರೂ ಆಗುತ್ತದಾ? ಡಾಕ್ಟರ ಹತ್ತಿರ ಕೇಳಲು ಆಗಲಿಲ್ಲ.

ಹಳೇ ಡೈರಿ

ಸಂಕೋಚ ಬೇಡ ತಂಗಿ, ಎಲ್ಲರ ಮನಸ್ಸಲ್ಲೂ ಇರುವ ಪ್ರಶ್ನೆ, ಯಾರೂ ಕೇಳೋದಿಲ್ಲ. ಕಾಯಿಲೆ ಹಿಡಿತಕ್ಕೆ ಬಂದು, ಎರಡು ಮಹಡಿ ಮೆಟ್ಟಿಲು ದಮ್ಮು ಎದೆನೋವು ಇಲ್ಲದೆ ಹತ್ತುವ ಹಾಗಾದರೆ ಸಾಮಾನ್ಯವಾಗಿ ತೊಂದರೆ ಇಲ್ಲ ಅಂತ ನಮ್ಮ ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ಪಕ್ಕದಲ್ಲಿ ಕೈ ಹಿಡಿದು ಮಲಗಿ, ಈ ಸಲ ಉಸಿರು ಎಣಿಸದೆ.

ಕೌಂಟರ್ ಹಿಂದೆ

ಒಂದೇ ಎಚ್ಚರಿಕೆ. ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆ ಇದ್ದವರು ಸಿಲ್ಡೆನಾಫಿಲ್ (ವಯಾಗ್ರ) ಥರದ ಮಾತ್ರೆ ಯಾವ ಕಾರಣಕ್ಕೂ ತಗೊಳ್ಳಬಾರದು, ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಆಸಕ್ತಿ ಕುಗ್ಗಿದ್ದರೆ ಅದು ಮಾತ್ರೆಯಿಂದಲೂ ಇರಬಹುದು, ಮನಸ್ಸು ಕುಗ್ಗಿದ್ದರಿಂದಲೂ ಇರಬಹುದು. ಎರಡಕ್ಕೂ ಡಾಕ್ಟರ ಹತ್ತಿರ ದಾರಿ ಇದೆ.

ಎರಡನೇ ಮಹಡಿ

ಮಕ್ಕಳ ಮಾತು ಬಂತಲ್ಲ, ಅದಕ್ಕೆ ಒಂದು. ಡೈಲೇಟೆಡ್ ಕಾರ್ಡಿಯೋಮಯೋಪತಿ ಕೆಲವು ಮನೆತನಗಳಲ್ಲಿ ವಂಶದಲ್ಲಿ ಬರುತ್ತದೆ. ಕಾರಣ ಸಿಗದಿದ್ದರೆ ಒಡಹುಟ್ಟಿದವರು, ಮಕ್ಕಳು, ತಂದೆ ತಾಯಿ ಒಂದು ಇಸಿಜಿ, ಒಂದು ಎಕೋ ಮಾಡಿಸಿಕೊಳ್ಳಬೇಕಾ ಅಂತ ಕೇಳಿ. ನೋವಿಲ್ಲದ ಪರೀಕ್ಷೆ.

ಸಂಜೆಗೆಂಪು · ನಾಲ್ಕನೇ ತಿಂಗಳು

ಮಕ್ಕಳದ್ದು, ಮೈದುನನದ್ದು ಎಕೋ ಆಯಿತು, ಸರಿಯಾಗಿದೆ. ದೊಡ್ಡವನೂ ನಾನೂ ಸಿಪಿಆರ್ ಕಲಿತೆವು. ಅವನ ಕೈ ನನಗಿಂತ ಗಟ್ಟಿ.

ಇವರ ಎಕೋ ಮೊನ್ನೆ ಮಾಡಿದರು. 25 ಇದ್ದದ್ದು 33. ನಾನು ಕುಣಿಯುವಷ್ಟು ಖುಷಿಪಟ್ಟೆ, ಇವರ ಮುಖ ಇಳಿಯಿತು. 40 ಆಗುತ್ತದೆ ಅಂತ ಮನಸ್ಸಲ್ಲೇ ಲೆಕ್ಕ ಹಾಕಿದ್ದರಂತೆ. ಮೂರು ತಿಂಗಳು ಪೂರ್ತಿ ಔಷಧಿ ಆದ ಮೇಲೂ 35 ದಾಟದಿದ್ದರೆ ಐಸಿಡಿ ಅನ್ನೋ ಮಿಷನ್ ಎದೆಯಲ್ಲಿ ಇಡುವ ಬಗ್ಗೆ ಮಾತಾಡಬೇಕು ಅಂದಿದ್ದಾರೆ. ಯಾರ ಮನೆಯಲ್ಲಾದರೂ ಇದೆಯಾ?

ಆ ಕಡೆಯವನು

ನನ್ನ ಎದೆಯಲ್ಲೇ ಇದೆ. ಎಡಗಡೆ ಕಾಲರ್ ಮೂಳೆಯ ಕೆಳಗೆ, ಚರ್ಮದಡಿ ಒಂದು ಚಿಕ್ಕ ಡಬ್ಬಿ. ಅದು ಪಂಪಿಂಗ್ ಏರಿಸೋದಿಲ್ಲ. ಲಯ ತಪ್ಪಿದರೆ ಒಳಗಿನಿಂದಲೇ ಶಾಕ್ ಕೊಟ್ಟು ಸರಿಮಾಡುತ್ತದೆ, ಅಷ್ಟೇ ಅದರ ಕೆಲಸ. ಇಟ್ಟ ಮೇಲೆ ಕೆಲವು ವಾರ ಆ ಕಡೆ ಕೈ ಭುಜದ ಮೇಲೆ ಎತ್ತಬಾರದು, ಭಾರ ಹಿಡಿಯಬಾರದು. ನನಗೆ ಒಂದೇ ಸಲ ಶಾಕ್ ಬಂದಿದೆ, ಎದೆಗೆ ಯಾರೋ ಒದ್ದ ಹಾಗಾಯಿತು. ಹೆಂಡತಿ ಕೈ ಹಿಡಿದುಕೊಂಡಿದ್ದಳು, ಅವಳಿಗೆ ಏನೂ ಆಗಲಿಲ್ಲ. ಒಂದು ಶಾಕ್ ಬಂದು ಆರಾಮಾಗಿದ್ದರೆ ಡಾಕ್ಟರಿಗೆ ಫೋನ್, ಮೇಲಿಂದ ಮೇಲೆ ಬಂದರೆ ಅಥವಾ ಮೈ ಸರಿ ಅನಿಸದಿದ್ದರೆ ಆಂಬ್ಯುಲೆನ್ಸ್ ಅಂತ ನಮಗೆ ಹೇಳಿಕೊಟ್ಟಿದ್ದಾರೆ.

ನಿಮ್ಮವರ ಹಾಗೆ ಬ್ಲಾಕ್ ಇಲ್ಲದವರಿಗೆ ಇದರಿಂದ ಎಷ್ಟು ಉಪಯೋಗ ಅನ್ನೋದು ಒಬ್ಬೊಬ್ಬರಿಗೆ ಬೇರೆ. 2016ರಲ್ಲಿ ಬಂದ ಡ್ಯಾನಿಶ್ ಅನ್ನೋ ಅಧ್ಯಯನದಲ್ಲಿ ಒಟ್ಟು ಲೆಕ್ಕದಲ್ಲಿ ಸಾವು ಕಡಿಮೆಯಾಗಲಿಲ್ಲ, ಹಠಾತ್ ಸಾವು ಮಾತ್ರ ಕಡಿಮೆಯಾಯಿತು. ವಯಸ್ಸು ಕಡಿಮೆ ಇದ್ದವರಲ್ಲಿ ಲಾಭ ಜಾಸ್ತಿ ಕಂಡಿತು. ಅದಕ್ಕೇ ಹೂಂ ಅನ್ನುವ ಮೊದಲು ಕೂತು ಕೇಳಿ. ನಮ್ಮ ವಿಷಯದಲ್ಲಿ ಏನು ಲಾಭ, ಏನು ತೊಂದರೆ, ಇನ್ನು ಮೂರು ತಿಂಗಳು ಕಾದರೆ ಏನು. ಮತ್ತೆ, 33 ನೋಡಿ ಮುಖ ಇಳಿಸಬೇಡಿ ಅಂತ ಅವರಿಗೆ ನನ್ನ ಕಡೆಯಿಂದ ಹೇಳಿ. ನನ್ನದು 30. ನಿನ್ನೆ ಐದು ಕಿಲೋಮೀಟರ್ ನಡೆದೆ.

ಸಂಜೆಗೆಂಪು

ಓದಿ ಹೇಳಿದೆ. "ಐದಾ?" ಅಂತ ಎರಡು ಸಲ ಕೇಳಿದರು.

ಡಾಕ್ಟರ ಹತ್ತಿರ ಹೋಗೋದು ಮಂಗಳವಾರ. ತೂಕದ ಪುಸ್ತಕದ ಕೊನೇ ಪುಟ ತಿರುಗಿಸಿ ಪ್ರಶ್ನೆ ಬರೆಯುತ್ತಾ ಕೂತಿದ್ದಾರೆ, ಇಲ್ಲಿಯವರೆಗೆ ಏಳು ಆಗಿವೆ. ನನ್ನದೇನಾದರೂ ಇದೆಯಾ ಅಂತ ಕೇಳಿ ಪೆನ್ನು ನನ್ನ ಕಡೆ ಚಾಚಿದರು. ಒಂದು ಬರೆದೆ.